ಹೊಸ ಗಿಟಾರಿಗೂ ಸೆಟಪ್ ಬೇಕಾ?

ಹೊಸ ಅಕೌಸ್ಟಿಕ್ ಗಿಟಾರಿನಲ್ಲಿ ಎಫ್ ಕಾರ್ಡ್ ಹಿಡಿದರೆ ಬೆರಳು ಉರಿಯುತ್ತದೆ, ಸೆಟಪ್ (ಅಂದರೆ ತಂತಿಯ ಎತ್ತರ, ನೆಕ್‌ನ ಬಾಗು ಸರಿಮಾಡಿಸೋದು) ಬೇಕಾ ಅಂತ ಕೇಳಿದ್ದೀರಲ್ವಾ? ಮೊದಲು ಅಳತೆ ನೋಡಿ. ಶ್ರುತಿ ಮಾಡಿ, 12ನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ, ದಪ್ಪ ತಂತಿಯ ಕೆಳಗೆ ಎಷ್ಟು ಜಾಗ ಇದೆ ಅಂತ ಅಳೆಯಿರಿ. 2.5 ಮಿಲಿಮೀಟರ್ ಆಸುಪಾಸಿದ್ದರೆ ಪರವಾಗಿಲ್ಲ, 3 ದಾಟಿದ್ದರೆ ಖಂಡಿತ ಮಾಡಿಸಿ. ನಂದೂ ಹೀಗೇ ಇತ್ತು, ದಾವಣಗೆರೆಯಲ್ಲಿ ಕೊಂಡು ಮೂರು ತಿಂಗಳು ನನ್ನ ಬೆರಳಿನದೇ ತಪ್ಪು ಅಂದುಕೊಂಡಿದ್ದೆ, ಆಮೇಲೆ ನೋಡಿದರೆ ನಟ್‌ನ (ಗಿಟಾರಿನ ತಲೆಯ ಕಡೆ ತಂತಿಗಳು ಕೂರುವ ಪಟ್ಟಿ) ಕಚ್ಚುಗಳೇ ಆಳ ಇರಲಿಲ್ಲ, ತಂತಿ ಮೊದಲನೇ ಫ್ರೆಟ್‌ನಲ್ಲೇ ಎತ್ತರಕ್ಕೆ ನಿಂತಿತ್ತು. ನೆಕ್ ಒಳಗಿರುವ ಲೋಹದ ಸರಳು, ಅಂದರೆ ಟ್ರಸ್ ರಾಡನ್ನು ಮಾತ್ರ ಸುಮ್ನೆ ತಿರುಗಿಸಬೇಡಿ. ಅದು ನೆಕ್‌ನ ಬಾಗು ಸರಿಮಾಡಲು ಇರುವುದು, ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಲೇ ಬೇಡ. ನಮ್ಮ ಕಡೆ ಏಪ್ರಿಲ್ ಒಣಹವೆಗೆ ಮರ ಕುಗ್ಗುತ್ತದೆ, ಮಳೆಗಾಲಕ್ಕೆ ಉಬ್ಬುತ್ತದೆ, ಹಾಗಾಗಿ ಆಗ ಇನ್ನೊಮ್ಮೆ ಅಳೆದು ನೋಡಿ.