ಅಂಕ ಬರುತ್ತದೆ, ಅರ್ಥವಾಗುವುದಿಲ್ಲ: ಒಂಬತ್ತನೇ ತರಗತಿಯ ಮಗಳ ಇಂಗ್ಲಿಷನ್ನು ಮನೆಯಲ್ಲಿ ಪರೀಕ್ಷಿಸುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮಗಳು ಸಕಲೇಶಪುರದ ಕಡೆ ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಶಾಲೆಯಲ್ಲಿ ಇಂಗ್ಲಿಷಿಗೆ ನೂರಕ್ಕೆ ಎಂಬತ್ತರ ಮೇಲೆ ಅಂಕ ಬರುತ್ತದೆ. ಆದರೆ ಇಂಗ್ಲಿಷ್ ಪತ್ರಿಕೆಯ ಒಂದು ಸಣ್ಣ ಸುದ್ದಿಯನ್ನು ಕೈಗೆ ಕೊಟ್ಟರೆ ಏನು ಬರೆದಿದೆ ಎಂದು ಹೇಳಲಾರಳು. ಭಾಷಾ ಸಾಮರ್ಥ್ಯವನ್ನು ಎ1ರಿಂದ ಸಿ2ವರೆಗೆ ಆರು ಮಟ್ಟಗಳಲ್ಲಿ ಹೇಳುವ ಕ್ರಮವೊಂದಿದೆ. ಮೊಬೈಲಿನಲ್ಲಿ ಬರೆಸಿದ ಎರಡು ಪರೀಕ್ಷೆಗಳಲ್ಲಿ ಒಂದು ಅವಳನ್ನು ಕೆಳಗಿನಿಂದ ಎರಡನೆಯದಾದ ಎ2 ಮಟ್ಟ ಎಂದಿತು, ಇನ್ನೊಂದು ಅದರ ಮೇಲಿನ ಬಿ1 ಎಂದಿತು. ಯಾವುದನ್ನು ನಂಬಬೇಕು, ಅವಳ ವ್ಯಾಕರಣ, ಪದಸಂಪತ್ತು, ಓದು ಎಲ್ಲಿವೆ ಎಂದು ಮನೆಯಲ್ಲೇ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ನಾನು ಬೇಲೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಿಮ್ಮ ಮಗಳಂಥ ಮಕ್ಕಳೇ ನನ್ನ ತರಗತಿಯಲ್ಲಿ ತುಂಬಿದ್ದಾರೆ, ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಎ2, ಬಿ1 ಎರಡನ್ನೂ ಸದ್ಯಕ್ಕೆ ಬದಿಗಿಡಿ. ಮಗಳು ಹಿಂದೆಂದೂ ನೋಡಿರದ ಇನ್ನೂರು ಪದಗಳ ಒಂದು ಇಂಗ್ಲಿಷ್ ಗದ್ಯವನ್ನು ಕೊಡಿ. ಮನಸ್ಸಿನಲ್ಲೇ ಓದಿಕೊಳ್ಳಲಿ. ಆಮೇಲೆ ಕನ್ನಡದಲ್ಲಿ ಪ್ರಶ್ನೆ ಕೇಳಿ, ಕನ್ನಡದಲ್ಲೇ ಉತ್ತರ ಹೇಳಲು ಬಿಡಿ. ನನ್ನ ಉತ್ತರದ ತಿರುಳು ಇದೇ. ಇಂಗ್ಲಿಷಿನಲ್ಲೇ ಉತ್ತರಿಸಬೇಕು ಎಂದಾಗ ಎರಡು ಬಗೆಯ ಅನ್ಯಾಯವಾಗುತ್ತದೆ. ಅರ್ಥವಾಗಿದ್ದರೂ ವಾಕ್ಯ ಕಟ್ಟಲಾಗದ ಮಗು ಸುಮ್ಮನಾಗಿಬಿಡುತ್ತದೆ. ಅರ್ಥವೇ ಆಗದ ಮಗು ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕಿ, ಅದು ಸಿಕ್ಕಿದ ಸಾಲನ್ನು ಹಾಗೆಯೇ ಎತ್ತಿ ಬರೆದು ಪೂರ್ತಿ ಅಂಕ ಪಡೆಯುತ್ತದೆ. ಉತ್ತರ ಪತ್ರಿಕೆ ತಿದ್ದುವ ಪ್ರತಿಯೊಬ್ಬ ಇಂಗ್ಲಿಷ್ ಶಿಕ್ಷಕರಿಗೂ ಇದು ಗೊತ್ತು. ಪ್ರಶ್ನೆ ಕನ್ನಡದಲ್ಲಿದ್ದರೆ ಸಾಲು ಎತ್ತುವ ದಾರಿ ಮುಚ್ಚಿಹೋಗುತ್ತದೆ, ಅರ್ಥ ಮಾಡಿಕೊಂಡವಳಿಗೆ ಬಾಯಿ ಬಿಡುವ ಅವಕಾಶವೂ ಸಿಗುತ್ತದೆ.

ಗಟ್ಟಿಯಾಗಿ, ತಡವರಿಸದೆ ಓದುತ್ತಾಳೆ ಎನ್ನುವುದನ್ನು ಅರ್ಥವಾಗಿದೆ ಎಂದು ತೆಗೆದುಕೊಳ್ಳಬೇಡಿ. ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಕುರಿತ 2023ರ ಅಸರ್ ಎಂಬ ಕಲಿಕಾ ಸಮೀಕ್ಷೆಯಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಓದಬಲ್ಲವರು ಶೇಕಡಾ 57.3ರಷ್ಟಿದ್ದರು. ಹಾಗೆ ಓದಿದವರಲ್ಲೇ ಅರ್ಥವನ್ನೂ ಹೇಳಬಲ್ಲವರು ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅವು ತೀರ ಸರಳವಾದ, ಸಣ್ಣ ವಾಕ್ಯಗಳು. ಪತ್ರಿಕೆಯ ಉದ್ದದ ವಾಕ್ಯಗಳಲ್ಲಿ ಈ ಅಂತರ ಇನ್ನೂ ಹಿಗ್ಗುವುದನ್ನು ನಾನು ತರಗತಿಯಲ್ಲಿ ನೋಡುತ್ತೇನೆ.

ಹಾಗಾದರೆ ಆ ಎಂಬತ್ತು ಅಂಕ ಸುಳ್ಳೇ? ಅಲ್ಲ. ಅದು ಅವಳು ದುಡಿದು ಗಳಿಸಿದ್ದು. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿಗೆ ಲಿಖಿತ ಪರೀಕ್ಷೆಯ 80, ಆಂತರಿಕ ಮೌಲ್ಯಮಾಪನದ 20 ಸೇರಿ 100 ಅಂಕ. ಒಂಬತ್ತನೇ ತರಗತಿಯ ತಯಾರಿಯೂ ಅದೇ ಗುರಿಯ ಕಡೆಗೆ ಸಾಗುತ್ತದೆ. ಪ್ರಶ್ನೆಪತ್ರಿಕೆಯ ದೊಡ್ಡ ಪಾಲು ಪಾಠ ಮತ್ತು ಪದ್ಯಗಳ ಮೇಲೆ ನಿಂತಿರುವುದರಿಂದ ಪ್ರಶ್ನೋತ್ತರಗಳನ್ನು ಚೆನ್ನಾಗಿ ಕಲಿತ ಹುಡುಗಿಗೆ ಒಳ್ಳೆಯ ಅಂಕ ಬರಲೇಬೇಕು. ಆ ಅಂಕ ಹೇಳುವುದು ಆ ಪಾಠಗಳ ಬಗ್ಗೆ. ನಾಳೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಇಂಗ್ಲಿಷ್ ಪಠ್ಯ ಬಿಡಿಸಿ ಕುಳಿತಾಗ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಒಳ್ಳೆಯ ಸಾಕ್ಷಿ ಇದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು ಸೇರಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಲೋಕದ ಭಾಷಾ ಶಿಕ್ಷಕರು ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ವ್ಯಾಕರಣ ಸೂತ್ರಗಳನ್ನು ಹೇಳಿಕೊಡುವ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಇಂಥವುಗಳನ್ನು ಕೊಟ್ಟು ಮಕ್ಕಳಿಂದ ಲೆಕ್ಕಾಚಾರ ಮಾಡಿಸಿ ಇಂಗ್ಲಿಷ್ ಕಲಿಸಿದರು. ಕೊನೆಗೆ ಮೌಲ್ಯಮಾಪನ ಮಾಡಲು ಬಂದವರು ಒಂದೇ ಪರೀಕ್ಷೆಯನ್ನು ಇಡಲಿಲ್ಲ, ಬಗೆಬಗೆಯ ಪರೀಕ್ಷೆಗಳನ್ನು ಇಟ್ಟರು. ವ್ಯಾಕರಣ ರಚನೆಗಳನ್ನು ಬಿಡಿಬಿಡಿಯಾಗಿ ಕೇಳಿದ ಪರೀಕ್ಷೆಯಲ್ಲಿ ಹಳೆಯ ಕ್ರಮದ ತರಗತಿಗಳು ಮುಂದಿದ್ದವು, ಕೆಲಸ ಮಾಡಿಸುವ ಪರೀಕ್ಷೆಯಲ್ಲಿ ಪ್ರಯೋಗದ ತರಗತಿಗಳು ಮುಂದಿದ್ದವು. ಮಗು ಯಾವ ಬಗೆಯ ಪ್ರಶ್ನೆಗೆ ಪಳಗಿದೆಯೋ ಅದರಲ್ಲಿ ಗೆಲ್ಲುತ್ತದೆ. ನಿಮ್ಮ ಮಗಳು ಪಳಗಿರುವುದು ಒಂದು ಬಗೆಗೆ, ಪತ್ರಿಕೆಯ ಸುದ್ದಿ ಕೇಳುತ್ತಿರುವುದು ಇನ್ನೊಂದು ಬಗೆಯ ಓದನ್ನು.

ಈಗ ಗದ್ಯ ಆರಿಸುವ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಊರಿನ ವಿಷಯವಾದರೆ ಮಗುವಿಗೆ ಸುಲಭವೆಂದು ಬೇಲೂರಿನ ದೇವಸ್ಥಾನದ ಬಗ್ಗೆ ಒಂದು ಗದ್ಯ ಕೊಟ್ಟಿರಿ ಎನ್ನೋಣ. ದೇವಸ್ಥಾನವನ್ನು ಕಟ್ಟಿಸಿದವರು ಯಾರು, ಅದು ಯಾವ ರಾಜವಂಶದ ಕಾಲದ್ದು ಎಂದು ಕೇಳಿದಿರಿ. ಹಾಸನ ಜಿಲ್ಲೆಯ ಯಾವ ಮಗುವೂ ಗದ್ಯವನ್ನು ಮುಟ್ಟದೆಯೇ ವಿಷ್ಣುವರ್ಧನ, ಹೊಯ್ಸಳ ಎಂದು ಹೇಳುತ್ತದೆ. ಯುನೆಸ್ಕೊ ಪಟ್ಟಿಗೆ 2023ರಲ್ಲಿ ಸೇರಿದ್ದೂ ಅವರಿಗೆ ಗೊತ್ತು. ನೀವು ಅಳೆದದ್ದು ಸಮಾಜ ವಿಜ್ಞಾನವನ್ನು. ಹಾಸನದ ಇಸ್ರೊ ಕೇಂದ್ರದ ಬಗ್ಗೆ ಕೊಟ್ಟರೂ ಇದೇ ಕಥೆ. ಹಾಗೆಂದು ಐಸ್ಲ್ಯಾಂಡಿನ ಹಿಮನದಿಯ ಬಗ್ಗೆ ಕೊಟ್ಟರೆ ವಿಷಯದ ಅಪರಿಚಯವೇ ಅವಳನ್ನು ಸೋಲಿಸುತ್ತದೆ. ವಿಷಯ ಪರಿಚಿತವಿರಲಿ, ಸಂಗತಿ ಹೊಸದಿರಲಿ: ಬೇರೆ ದೇಶದ ಒಬ್ಬ ಹುಡುಗಿ ಶಾಲೆಗೆ ಹೋಗುವ ದಾರಿ, ಯಾವುದೋ ಊರಿನ ಅಂಗಡಿಯವನಿಗೆ ಆದ ಮೋಸ, ಹಕ್ಕಿಯೊಂದು ಗೂಡು ಕಟ್ಟಿದ ಬಗೆ. ಪ್ರಶ್ನೆಗಳನ್ನು ಬರೆದ ಮೇಲೆ, ಗದ್ಯ ಓದದ ಇನ್ನೊಂದು ಮಗುವಿಗೆ ಅವನ್ನು ಕೇಳಿ ನೋಡಿ. ಓದದೆಯೇ ಉತ್ತರ ಬಂದರೆ ಆ ಪ್ರಶ್ನೆಯನ್ನು ಹೊಡೆದು ಹಾಕಿ.

ಪ್ರಶ್ನೆಗಳಲ್ಲಿ ಕನಿಷ್ಠ ಒಂದಾದರೂ ಗದ್ಯದಲ್ಲಿ ಬಾಯಿಬಿಟ್ಟು ಹೇಳದ ಸಂಗತಿಯನ್ನು ಕೇಳಲಿ. ಅಂಗಡಿಯವನು ಕೊನೆಗೆ ಬಾಗಿಲು ಹಾಕಿಕೊಂಡು ಒಳಗೆ ಕುಳಿತ ಎಂದಿದ್ದರೆ, ಅವನಿಗೆ ಆಗ ಹೇಗನ್ನಿಸಿರಬಹುದು, ಯಾವ ಮಾತಿನಿಂದ ನಿನಗೆ ಹಾಗೆ ತೋರಿತು ಎಂದು ಕೇಳಿ. ಎರಡನೆಯ ಭಾಗವನ್ನು ಬಿಡಬೇಡಿ. ಕಾರಣ ಕೊಡುವಾಗಲೇ ಓದಿನ ಆಳ ತಿಳಿಯುತ್ತದೆ.

ಉತ್ತರ ಬಾರದಿದ್ದರೆ ಕೊರತೆ ಪದದಲ್ಲಿದೆಯೋ ವಾಕ್ಯದಲ್ಲಿದೆಯೋ ಎಂದು ಮುಂದಿನ ಹೆಜ್ಜೆ ಇಡಬೇಕು. ಅದೇ ಗದ್ಯದಲ್ಲಿ ಅವಳಿಗೆ ಗೊತ್ತಿಲ್ಲದ ಪದಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕಿಸಿ. ಸಂಶೋಧಕರ ಲೆಕ್ಕದ ಪ್ರಕಾರ ಯಾರ ಸಹಾಯವೂ ಇಲ್ಲದೆ ನಿರಾಯಾಸವಾಗಿ ಓದಲು ನೂರರಲ್ಲಿ 98 ಪದಗಳಾದರೂ ಗೊತ್ತಿರಬೇಕು, 95 ಗೊತ್ತಿದ್ದರೆ ಕಷ್ಟಪಟ್ಟು ಸಾಗಬಹುದು. ಇನ್ನೂರು ಪದಗಳಲ್ಲಿ ಹತ್ತಕ್ಕಿಂತ ಹೆಚ್ಚು ಗೆರೆ ಬಿದ್ದಿದ್ದರೆ ಆ ಗದ್ಯ ಅವಳಿಗೆ ಸದ್ಯಕ್ಕೆ ಭಾರ. ಅಲ್ಲಿ ಅವಳ ಓದುವ ಶಕ್ತಿಯನ್ನು ದೂರಬಾರದು, ಇನ್ನೂ ಸುಲಭದ ಗದ್ಯ ಕೊಟ್ಟು ಮತ್ತೆ ನೋಡಬೇಕು.

ಪದಗಳನ್ನು ಪ್ರತ್ಯೇಕವಾಗಿ ಅಳೆಯಬೇಕೆಂದರೆ ಎಲ್ಲಿಂದ ಪದ ತೆಗೆದುಕೊಳ್ಳುವುದು ಎಂಬ ಪ್ರಶ್ನೆ ಏಳುತ್ತದೆ. ಢಾಕಾದಲ್ಲಿ ಶಿಕ್ಷಕರ ತರಬೇತಿಯಲ್ಲಿದ್ದು ಬಂಗಾಳಿ ಮಕ್ಕಳ ಇಂಗ್ಲಿಷ್ ಓದನ್ನು ಹತ್ತಿರದಿಂದ ಕಂಡ ಮೈಕಲ್ ವೆಸ್ಟ್, ಅತಿ ಹೆಚ್ಚು ಬಳಕೆಯಾಗುವ ಸುಮಾರು 2000 ಮೂಲಪದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದರು. ಅದರ ಹೊಸ ರೂಪಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅಂಥ ಪಟ್ಟಿಯಿಂದ ನಲವತ್ತು ಪದ ಆರಿಸಿ, ಅವುಗಳ ನಡುವೆ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲದ, ಆದರೆ ಇರುವಂತೆ ಕಾಣುವ ಹತ್ತು ಪದಗಳನ್ನು ನೀವೇ ಹುಟ್ಟಿಸಿ ಸೇರಿಸಿ: ಗ್ರೆನ್ಸಿಬಲ್, ಬ್ಲೆಂಟಿಕ್ ಎಂಬಂತೆ. ನಿಜವಲ್ಲದ ಪದಗಳೂ ಇವೆ ಎಂದು ಮೊದಲೇ ಹೇಳಿ. ಗೊತ್ತಿರುವುದಕ್ಕೆ ಟಿಕ್ ಹಾಕಲಿ. ಹುಟ್ಟಿಸಿದ ಪದಗಳಿಗೂ ಟಿಕ್ ಬಿದ್ದಿದ್ದರೆ ಊಹಿಸುತ್ತಿದ್ದಾಳೆ ಎಂದರ್ಥ. ಆಗ ಅವಳ ಉಳಿದ ಟಿಕ್‌ಗಳನ್ನೂ ಅಷ್ಟರಮಟ್ಟಿಗೆ ಕಡಿಮೆ ಮಾಡಿಯೇ ಓದಿಕೊಳ್ಳಿ. ಪಾಲ್ ಮೀರಾ ಎಂಬ ವಿದ್ವಾಂಸರು 1980ರ ದಶಕದಲ್ಲಿ ಬೆಳೆಸಿದ ಉಪಾಯ ಇದು, ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಪದಗಳೆಲ್ಲ ಗೊತ್ತಿದ್ದೂ ಅರ್ಥ ಕೂಡುತ್ತಿಲ್ಲ ಎಂದಾದರೆ ವ್ಯಾಕರಣದ ಕಡೆ ನೋಡಿ. ಆದರೆ ಕರ್ತರಿಯನ್ನು ಕರ್ಮಣಿಗೆ ಬದಲಿಸು ಎಂಬ ಪ್ರಶ್ನೆ ಬೇಡ. ಅದನ್ನು ನಮ್ಮ ಮಕ್ಕಳು ಯಂತ್ರದಂತೆ ಮಾಡುತ್ತಾರೆ. ಇಂಥ ಒಂದು ವಾಕ್ಯ ಕೊಡಿ: "ದ ವಿಲೇಜರ್ಸ್ ವರ್ ಚೇಸ್ಡ್ ಬೈ ದ ಟಸ್ಕರ್." ಟಸ್ಕರ್ ಎಂದರೆ ದಂತವಿರುವ ಆನೆ. ಓಡಿದವರು ಯಾರು, ಓಡಿಸಿದವರು ಯಾರು ಎಂದು ಕೇಳಿ. ಸಕಲೇಶಪುರ, ಆಲೂರು, ಬೇಲೂರಿನ ಕಡೆ ಊರಿನವರು ಆನೆಯನ್ನು ಅಟ್ಟುವುದೂ ಉಂಟು, ಆನೆ ಊರಿನವರನ್ನು ಅಟ್ಟುವುದೂ ಉಂಟು. ಎರಡೂ ನಡೆಯುವ ಸಂಗತಿಯಾದ್ದರಿಂದ ಲೋಕಜ್ಞಾನದಿಂದ ಊಹಿಸಲು ಬರುವುದಿಲ್ಲ, ವಾಕ್ಯರಚನೆಯನ್ನೇ ಓದಬೇಕಾಗುತ್ತದೆ. ಹುಡುಗ ಹಣ್ಣನ್ನು ತಿಂದ ಎಂಬ ವಾಕ್ಯವನ್ನು ಹೇಗೆ ತಿರುಗಿಸಿ ಬರೆದರೂ ತಿಂದವನು ಯಾರೆಂದು ಎಲ್ಲರಿಗೂ ಗೊತ್ತು, ಅದರಿಂದ ಪ್ರಯೋಜನವಿಲ್ಲ.

ಇನ್ನೊಂದು: "ದ ಮ್ಯಾನ್ ಹೂ ಸೋಲ್ಡ್ ದ ಎಸ್ಟೇಟ್ ಟು ದ ಡಾಕ್ಟರ್ ಲಿವ್ಸ್ ಇನ್ ಮೂಡಿಗೆರೆ." ಮೂಡಿಗೆರೆಯಲ್ಲಿ ಇರುವವರು ಯಾರು? ನನ್ನ ತರಗತಿಯಲ್ಲಿ ಡಾಕ್ಟರ್ ಎನ್ನುವವರು ಬಹಳ. ಕ್ರಿಯಾಪದದ ಪಕ್ಕದಲ್ಲಿರುವ ನಾಮಪದವನ್ನೇ ಅವರು ಕರ್ತೃ ಎಂದು ಹಿಡಿಯುತ್ತಾರೆ. ಕನ್ನಡದಲ್ಲಿ ನಾವು "ಡಾಕ್ಟರಿಗೆ ಎಸ್ಟೇಟ್ ಮಾರಿದ ವ್ಯಕ್ತಿ" ಎಂದು ವಿವರಣೆಯನ್ನೆಲ್ಲ ಮೊದಲು ಹೇಳಿ ವ್ಯಕ್ತಿಯನ್ನು ಕೊನೆಗೆ ತರುತ್ತೇವೆ, ಇಂಗ್ಲಿಷ್ ವ್ಯಕ್ತಿಯನ್ನು ಮೊದಲು ನಿಲ್ಲಿಸಿ ವಿವರಣೆಯನ್ನು ಹಿಂದೆ ಜೋಡಿಸುತ್ತದೆ. ಪತ್ರಿಕೆಯ ಸುದ್ದಿಯಲ್ಲಿ ಇಂಥ ವಾಕ್ಯಗಳೇ ಹೆಚ್ಚು. ನಿಮ್ಮ ಮಗಳು ಸುದ್ದಿಯ ಮುಂದೆ ನಿಂತುಬಿಡುವುದು ಬಹುಶಃ ಇಲ್ಲೇ ಎಂದು ನನಗನ್ನಿಸುತ್ತದೆ. ಇದಕ್ಕೆ ಹೋಲಿಸಿದರೆ "ಎ", "ದ" ಬಿಟ್ಟುಹೋಗುವುದು, "ಇನ್" ಇರುವಲ್ಲಿ "ಆನ್" ಬರೆಯುವುದು ಓದಿಗೆ ಅಷ್ಟೇನೂ ತೊಡಕಲ್ಲ. ಅಂಥ ತಪ್ಪುಗಳಿಗೆ ಕೆಂಪು ಶಾಯಿ ಸುರಿದು ಮಗುವಿನ ಧೈರ್ಯ ಕುಗ್ಗಿಸುವುದು ನನಗೆ ಒಪ್ಪಿಗೆಯಿಲ್ಲ.

ಓದು, ಪದಸಂಪತ್ತು, ವ್ಯಾಕರಣ ಮೂರನ್ನೂ ಒಟ್ಟಿಗೆ ನೋಡುವ ಒಂದು ವಿಧಾನವಿದೆ, ಅದನ್ನು ಕ್ಲೋಜ್ ಎನ್ನುತ್ತಾರೆ. ಬರಹ ಎಷ್ಟು ಸುಲಭವಾಗಿ ಓದಿಸಿಕೊಳ್ಳುತ್ತದೆ ಎಂದು ಅಳೆಯಲು ವಿಲ್ಸನ್ ಟೇಲರ್ 1953ರಲ್ಲಿ ಇದನ್ನು ಮುಂದಿಟ್ಟರು, ಆಮೇಲೆ ಓದುಗರನ್ನೇ ಅಳೆಯಲು ಬಳಕೆಗೆ ಬಂತು. ಹೊಸ ಗದ್ಯವೊಂದರ ಮೊದಲ ಮತ್ತು ಕೊನೆಯ ವಾಕ್ಯಗಳನ್ನು ಹಾಗೆಯೇ ಬಿಟ್ಟು, ನಡುವೆ ಪ್ರತಿ ಏಳನೆಯ ಪದವನ್ನು ಅಳಿಸಿ ಗೆರೆ ಎಳೆಯಿರಿ. ಅಳಿಸಿದ ಪದವೇ ಬರಬೇಕೆಂದು ಹಟ ಮಾಡಬೇಡಿ, ಆ ಜಾಗಕ್ಕೆ ಸರಿಹೊಂದುವ ಯಾವ ಪದವಾದರೂ ಸರಿ. ಅರ್ಧದಷ್ಟು ತುಂಬಿದರೆ ಗದ್ಯ ಅವಳ ಹಿಡಿತದಲ್ಲಿದೆ ಎಂದುಕೊಳ್ಳಿ. ಒಟ್ಟು ಅಂಕಕ್ಕಿಂತ ಖಾಲಿ ಉಳಿದ ಜಾಗಗಳೇ ಹೆಚ್ಚು ಹೇಳುತ್ತವೆ. ನಾಮಪದಗಳು ಉಳಿದಿದ್ದರೆ ಪದಸಂಪತ್ತಿನ ಕೊರತೆ. "ವಾಸ್", "ಹ್ಯಾಡ್", "ಹೂ", "ಟು" ಇಂಥವು ಉಳಿದಿದ್ದರೆ ವ್ಯಾಕರಣದ್ದು. "ಬಟ್", "ಸೋ", "ದೆನ್" ತಪ್ಪಿದ್ದರೆ ಒಂದು ವಾಕ್ಯಕ್ಕೂ ಮುಂದಿನದಕ್ಕೂ ಇರುವ ಸಂಬಂಧ ಅವಳಿಗೆ ಸಿಕ್ಕಿಲ್ಲ.

ಮೊಬೈಲಿನ ಪರೀಕ್ಷೆಗಳು ಎರಡು ಮಾತು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಎ1ರಿಂದ ಸಿ2ವರೆಗಿನ ಆರು ಮಟ್ಟಗಳು ಯುರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನವು, ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಲ್ಲವನ್ನೂ ಅವು ವಿವರಿಸುತ್ತವೆ. ನಾಲ್ಕು ಆಯ್ಕೆಗಳ ಇಪ್ಪತ್ತು ಪ್ರಶ್ನೆಗಳಿದ್ದರೆ ಕಣ್ಣು ಮುಚ್ಚಿ ಒತ್ತಿದರೂ ಸರಾಸರಿ ಐದು ಸರಿಯಾಗುತ್ತವೆ, ಎರಡು ಊಹೆ ಹೆಚ್ಚು ಫಲಿಸಿದರೆ ಮಟ್ಟವೇ ಬದಲಾಗುತ್ತದೆ. ಮಟ್ಟ ತಿಳಿಯಲೇಬೇಕೆಂದಿದ್ದರೆ ಕೇಂಬ್ರಿಜ್‌ನವರು ಶಾಲಾ ಮಕ್ಕಳಿಗೆಂದೇ ನಡೆಸುವ ಎ2 ಕೀ ಫಾರ್ ಸ್ಕೂಲ್ಸ್ ಪರೀಕ್ಷೆಯ ಮಾದರಿ ಪತ್ರಿಕೆಗಳು ಉಚಿತವಾಗಿ ಸಿಗುತ್ತವೆ, ಅದರ ಓದಿನ ಭಾಗವನ್ನು ಮುದ್ರಿಸಿ ಕೊಡಿ. ಹದಿಹರೆಯದವರಿಗಾಗಿರುವ ಟೋಫೆಲ್ ಜೂನಿಯರ್ ಎಂಬ ಇಂಗ್ಲಿಷ್ ಪರೀಕ್ಷೆ ಕೂಡ ವ್ಯಾಕರಣವನ್ನೂ ಪದಗಳನ್ನೂ ಬಿಡಿ ವಾಕ್ಯಗಳಲ್ಲಿ ಕೇಳದೆ ಗದ್ಯದ ಒಳಗೇ ಕೇಳುತ್ತದೆ. ನೀವು ಪ್ರಶ್ನೆ ತಯಾರಿಸುವಾಗ ಅದರ ಮಾದರಿಯನ್ನು ನೋಡಿಕೊಳ್ಳಬಹುದು.

ಇದೆಲ್ಲವನ್ನೂ ಒಂದೇ ಭಾನುವಾರ ಮಾಡಿಸಬೇಡಿ, ವಾರಕ್ಕೊಂದು ಸಾಕು. ತಮ್ಮ, ಅಜ್ಜಿ, ನೆಂಟರ ಎದುರಿಗೆ ಬೇಡ. ಇದರ ಅಂಕ ಯಾರಿಗೂ ಹೋಗುವುದಿಲ್ಲ ಎಂದು ಅವಳಿಗೆ ಮೊದಲೇ ಹೇಳಿ, ಹಾಗೆಯೇ ನಡೆದುಕೊಳ್ಳಿ. ಹಾಳೆಗಳನ್ನು ದಿನಾಂಕ ಬರೆದು ಎತ್ತಿಡಿ. ದಸರಾ ರಜೆ ಮುಗಿದ ಮೇಲೆ ಅದೇ ಮಟ್ಟದ ಬೇರೆ ಗದ್ಯ ಕೊಟ್ಟು ಹೋಲಿಸಿ, ಹಳೆಯ ಗದ್ಯವನ್ನೇ ಮತ್ತೆ ಕೊಟ್ಟರೆ ನೆನಪನ್ನು ಅಳೆದಂತಾಗುತ್ತದೆ. ಗದ್ಯ ಆರಿಸುವುದು ಕಷ್ಟವೆನಿಸಿದರೆ ನೀವು ನೋಡಿಟ್ಟ ಎರಡು ಮೂರನ್ನು ಇಲ್ಲಿಗೆ ಕಳುಹಿಸಿ. ಅವಳ ಮಟ್ಟಕ್ಕೆ ಯಾವುದು ಹೊಂದುತ್ತದೆ ಎಂದು ನೋಡಿ, ಕನ್ನಡದ ಪ್ರಶ್ನೆಗಳನ್ನು ನಾನೇ ಬರೆದುಕೊಡುತ್ತೇನೆ.