ಓದುಗರ ಪ್ರಶ್ನೆ: ಫ್ರ್ಯಾಕ್ಟಲ್ ಚಿತ್ರಕ್ಕೆ ಒಳ್ಳೆಯ ಅಂಕಿ ಸಿಗುವುದೆಲ್ಲಿ?

ಪ್ರಶ್ನೆ: ಜೂಲಿಯಾ ಗಣದ ಚಿತ್ರಗಳನ್ನು (ಎಷ್ಟು ಹಿಗ್ಗಿಸಿ ನೋಡಿದರೂ ಹೊಸ ಹೊಸ ವಿವರ ತೋರುವ ಫ್ರ್ಯಾಕ್ಟಲ್ ಚಿತ್ರಗಳ ಒಂದು ಬಗೆ) ಮೂಡಿಸುವ ಪುಟ್ಟ ಪ್ರೋಗ್ರಾಂ ಬರೆದಿದ್ದೇನೆ. ಸೂತ್ರದಲ್ಲಿನ ‘ಸಿ’ ಎಂಬ ಸ್ಥಿರಾಂಕವನ್ನು ಕಂಪ್ಯೂಟರೇ ಯಾದೃಚ್ಛಿಕವಾಗಿ ಆರಿಸುತ್ತದೆ. ನೂರು ಚಿತ್ರಗಳಲ್ಲಿ ನಾಲ್ಕೈದು ಮಾತ್ರ ನೋಡುವಂತಿರುತ್ತವೆ. ಉಳಿದವು ಬರಿದಾದ ಪರದೆ ಅಥವಾ ಚದುರಿದ ಚುಕ್ಕೆಗಳು. ಇದನ್ನು ಸುಧಾರಿಸುವುದು ಹೇಗೆ?

ಉತ್ತರ: ನಿಮ್ಮ ಪ್ರೋಗ್ರಾಂ ಸರಿಯಾಗಿಯೇ ಇದೆ, ಅಂಕಿಯನ್ನು ಹುಡುಕುತ್ತಿರುವ ಜಾಗವಷ್ಟೇ ಬದಲಾಗಬೇಕು. ಒಂದು ಸಂಕೀರ್ಣ ಸಂಖ್ಯೆಯನ್ನು (ವಾಸ್ತವ, ಕಾಲ್ಪನಿಕ ಎಂಬ ಎರಡು ಭಾಗಗಳಿರುವ ಸಂಖ್ಯೆ) ವರ್ಗ ಮಾಡಿ, ಅದಕ್ಕೆ ಸಿ ಕೂಡಿಸಿ, ಬಂದ ಉತ್ತರವನ್ನು ಮತ್ತೆ ವರ್ಗ ಮಾಡುತ್ತ ಹೋಗುವ ಈ ಕ್ರಿಯೆಯಲ್ಲಿ, ಸೊನ್ನೆಯಿಂದ ಹೊರಟ ಸರಣಿ ಎಂದಿಗೂ ದೂರ ಓಡಿಹೋಗದಂತಹ ಸಿ ಬೆಲೆಗಳೆಲ್ಲ ಸೇರಿ ಮ್ಯಾಂಡೆಲ್‌ಬ್ರಾಟ್ ಗಣವಾಗುತ್ತದೆ. ಸಿ ಅದರೊಳಗಿದ್ದರೆ ಜೂಲಿಯಾ ಚಿತ್ರ ಒಂದೇ ತುಂಡಾಗಿರುತ್ತದೆ, ಹೊರಗಿದ್ದರೆ ಧೂಳಾಗಿ ಒಡೆಯುತ್ತದೆ ಎಂಬುದನ್ನು ಫ್ರೆಂಚ್ ಗಣಿತಜ್ಞರಾದ ಗಾಸ್ಟನ್ ಜೂಲಿಯಾ ಮತ್ತು ಪಿಯರ್ ಫಾಟೂ ಕಂಪ್ಯೂಟರ್ ಇಲ್ಲದ ಕಾಲದಲ್ಲಿಯೇ, 1918ರ ಆಸುಪಾಸಿನಲ್ಲಿ, ತರ್ಕದಿಂದಲೇ ಕಂಡುಕೊಂಡಿದ್ದರೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಸಿ ಬೆಲೆಯ ಎರಡೂ ಭಾಗಗಳನ್ನು −2ರಿಂದ 2ರ ನಡುವೆ ಆರಿಸಿದರೆ ಆ ಚೌಕದ ವಿಸ್ತೀರ್ಣ 16. ಮ್ಯಾಂಡೆಲ್‌ಬ್ರಾಟ್ ಗಣದ ವಿಸ್ತೀರ್ಣವಾದರೋ ಸುಮಾರು 1.5 ಮಾತ್ರ. ಆದ್ದರಿಂದ ಹೆಚ್ಚಿನ ಪಾಲು ಧೂಳೇ ಕೈಗೆ ಬರುತ್ತದೆ.

ಸೊಗಸೆಲ್ಲ ಇರುವುದು ಆ ಗಣದ ಅಂಚಿನಲ್ಲಿ, ಅದರಲ್ಲೂ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ. ಅಲ್ಲಿಗೆ ನೇರವಾಗಿ ತಲುಪಲು ಒಂದು ದಾರಿಯಿದೆ: ಸಿ ಬದಲು ಒಂದು ಕೋನವನ್ನು ಯಾದೃಚ್ಛಿಕವಾಗಿ ಆರಿಸಿರಿ. ಆ ಕೋನದ ಕೊಸೈನಿನ ಅರ್ಧದಿಂದ ಇಮ್ಮಡಿ ಕೋನದ ಕೊಸೈನಿನ ಕಾಲು ಭಾಗವನ್ನು ಕಳೆದರೆ ವಾಸ್ತವ ಭಾಗ. ಸೈನ್‌ಗಳಿಗೂ ಹಾಗೆಯೇ ಮಾಡಿದರೆ ಕಾಲ್ಪನಿಕ ಭಾಗ. ಇದು ಗಣದ ಹೃದಯಾಕಾರದ ನಡುಭಾಗದ ಗಡಿ. ಎರಡನ್ನೂ 1.01ರಿಂದ 1.05ರ ನಡುವಿನ ಯಾವುದಾದರೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಬಿಂದು ತುಸು ಹೊರಸರಿಯುತ್ತದೆ. ಕೆಲವು ಕೋನಗಳಲ್ಲಿ ಅದು ಪಕ್ಕಕ್ಕೆ ಅಂಟಿಕೊಂಡಿರುವ ಗುಂಡನೆಯ ಮೊಗ್ಗಿನೊಳಕ್ಕೆ ಬೀಳುವುದೂ ಉಂಟು.

ಆದ್ದರಿಂದ ಚಿತ್ರ ಬಿಡಿಸುವ ಮೊದಲು ಒಂದು ಪರೀಕ್ಷೆ ಬೇಕು. ಸೊನ್ನೆಯಿಂದ ಹೊರಟ ಸರಣಿಯ ಪರಿಮಾಣ (ಸೊನ್ನೆಯಿಂದ ಅದಕ್ಕಿರುವ ದೂರ) ಎಷ್ಟನೆಯ ಹೆಜ್ಜೆಗೆ 2ನ್ನು ದಾಟುತ್ತದೆ ಎಂದು ಎಣಿಸಿರಿ. ಸಿ 0.26 ಆದಾಗ ಸುಮಾರು 30 ಹೆಜ್ಜೆ ಹಿಡಿಯುತ್ತದೆ, ಗಡಿಯಾದ 0.25ಕ್ಕೆ ಇನ್ನೂ ಹತ್ತಿರ, 0.2501ಕ್ಕೆ ಬಂದಾಗ 300 ದಾಟುತ್ತದೆ. ಅಂದರೆ ಈ ಎಣಿಕೆಯೇ ಅಂಚು ಎಷ್ಟು ಹತ್ತಿರವಿದೆಯೆಂದು ಹೇಳುತ್ತದೆ. 30ರಿಂದ 400ರೊಳಗಿನ ಬೆಲೆಗಳನ್ನು ಉಳಿಸಿಕೊಳ್ಳುವುದು ನನ್ನ ರೂಢಿ.

ಅನಂತರ 64 ಪಿಕ್ಸೆಲ್ ಅಗಲದ ಕಿರುಚಿತ್ರ ಸಾಕು. ಅದರಲ್ಲಿ ಮುಕ್ಕಾಲು ಪಾಲು ಪಿಕ್ಸೆಲ್‌ಗಳ ಎಣಿಕೆ (ಆ ಬಿಂದುವಿನಿಂದ ಹೊರಟ ಸರಣಿ 2ನ್ನು ದಾಟಲು ಹಿಡಿದ ಹೆಜ್ಜೆಗಳು) ಒಂದೇ ಆಗಿದ್ದರೆ ಅದನ್ನು ಕೈಬಿಡಿರಿ. ಉಳಿದವನ್ನು ಸಾಲಾಗಿ ಜೋಡಿಸಿ ನೀವೇ ಆರಿಸಿರಿ. ಈ ಕೊನೆಯ ಆಯ್ಕೆಯನ್ನು ಯಂತ್ರಕ್ಕೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಮೆಚ್ಚಿದ ಸಿ ಬೆಲೆಯ ಮೂರನೆಯ ದಶಾಂಶವನ್ನು ಅತ್ತಿತ್ತ ಅಲುಗಿಸಿದರೆ ಅದರ ಸುರುಳಿಗಳು ಬಿಚ್ಚಿಕೊಳ್ಳುವುದನ್ನೂ ಬಿಗಿಯಾಗುವುದನ್ನೂ ಕಾಣುವಿರಿ. ಅಂಕಿಯನ್ನು ಬರೆದಿಡುವಾಗ ಎಲ್ಲ ದಶಾಂಶ ಸ್ಥಾನಗಳನ್ನೂ ಉಳಿಸಿಕೊಳ್ಳಿ. ಎರಡಕ್ಕೆ ಮೊಟಕುಗೊಳಿಸಿದರೆ ಅದೇ ಚಿತ್ರ ಮರಳಿ ಸಿಗುವುದಿಲ್ಲ.