ಕಬಿನಿಗೆ ಹೋಗ್ತಿದೀವಿ, ರೂಮು ಎಲ್ಲಿ ಮಾಡೋದು?

ಬೇಸಿಗೆ ರಜೆ ಹತ್ರ ಬಂತು ಅಂತ ನಂಗೆ ಕ್ಯಾಲೆಂಡರ್ ಹೇಳ್ಬೇಕಾಗಿಲ್ಲ, ಇನ್‌ಬಾಕ್ಸೇ ಹೇಳುತ್ತೆ. ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ನಾಗರಹೊಳೆ ಬಂಡೀಪುರದ್ದೇ, ಅದ್ರಲ್ಲೂ ಎಲ್ಲಿ ಉಳ್ಕೊಳ್ಳೋದು ಅನ್ನೋದೇ. ನಾಲ್ಕು ಆರಿಸ್ಕೊಂಡಿದೀನಿ. ಮೊದಲನೇದಕ್ಕೆ ಉತ್ತರ ಸ್ವಲ್ಪ ಉದ್ದ ಆಯ್ತು, ಬೈಕೋಬೇಡಿ.

ಪ್ರಶ್ನೆ: ನಾವು ದಾವಣಗೆರೆಯವರು, ಒಟ್ಟು ಆರು ಜನ. ಅತ್ತೆ ಮಾವಂಗೆ ಎಪ್ಪತ್ತರ ಹತ್ರ, ಮಗಳಿಗೆ ಏಳು ವರ್ಷ, ಮಗ ಹೈಸ್ಕೂಲು. ಏಪ್ರಿಲ್‌ನಲ್ಲಿ ಎರಡು ರಾತ್ರಿ ನಾಗರಹೊಳೆಗೆ ಹೋಗೋಣ ಅಂತ. ಆನ್‌ಲೈನಲ್ಲಿ ನಾಗರಹೊಳೆ ಅಂತ ಹುಡುಕಿದ್ರೆ ಕುಟ್ಟದ್ದೂ ಬರುತ್ತೆ ಹುಣಸೂರಿಂದೂ ಬರುತ್ತೆ ಕಬಿನಿದೂ ಬರುತ್ತೆ, ಎಲ್ಲಾದ್ರಲ್ಲೂ 'ಕಾಡಿಗೆ ಹತ್ರ' ಅಂತಲೇ ಬರ್ದಿರ್ತಾರೆ. ಸ್ವಿಮ್ಮಿಂಗ್ ಪೂಲ್ ಇರೋದೊಂದು ಇಷ್ಟ ಆಗಿದೆ. ಬುಕ್ ಮಾಡ್ಬಹುದಾ?

ಉತ್ತರ: ಇನ್ನೂ ಮಾಡ್ಬೇಡಿ ಮೇಡಂ. ಎಲ್ರೂ ರೂಮಿಂದ ಶುರು ಮಾಡ್ತಾರೆ, ಶುರು ಮಾಡ್ಬೇಕಾಗಿರೋದು ಗೇಟಿಂದ. ಸಫಾರಿ ಎಲ್ಲಿ ಹತ್ತುತೀರ ಅನ್ನೋದು ಮೊದ್ಲು ತೀರ್ಮಾನ ಆದ್ರೆ ರೂಮು ತಾನಾಗೇ ಸಿಗುತ್ತೆ. ನಾಗರಹೊಳೆ ಪಾರ್ಕ್ 643 ಚದರ ಕಿಲೋಮೀಟರ್, ಕೊಡಗು ಮೈಸೂರು ಎರಡೂ ಜಿಲ್ಲೆಗೆ ಹರಡಿದೆ, ಒಳಗೆ ಹೋಗೋ ಬಾಗಿಲು ಮೂರು. ಕುಟ್ಟದ ಹತ್ರ ನಾಣಚ್ಚಿ ಗೇಟು, ಹುಣಸೂರು ಕಡೆಯಿಂದ ವೀರನಹೊಸಹಳ್ಳಿ, ಎಚ್.ಡಿ. ಕೋಟೆ ಕಡೆಯಿಂದ ದಮ್ಮನಕಟ್ಟೆ. ನಾವೆಲ್ಲ 'ಕಬಿನಿ' ಅಂತ ಕರೆಯೋದು ಈ ಮೂರನೇ ಕಡೇನ, ಕಾರಾಪುರ, ಅಂತರಸಂತೆ ಆ ಸುತ್ತಮುತ್ತ. ಈ ಮೂರೂ ಒಂದೇ ಪಾರ್ಕು ಅಂತ ಕುಟ್ಟದಲ್ಲಿ ರೂಮು ಮಾಡಿ ಕಬಿನಿಯಲ್ಲಿ ಸಫಾರಿ ಬುಕ್ ಮಾಡಿದೋರನ್ನ ನಾನೇ ನೋಡಿದೀನಿ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೊರಟ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಕಾಡೊಳಗಿನ ರಸ್ತೆ ಗೇಟು ಸಂಜೆ ಆರಕ್ಕೆ ಹಾಕಿದ್ರೆ ಮತ್ತೆ ತೆಗಿಯೋದು ಬೆಳಿಗ್ಗೆ ಆರಕ್ಕೆ. ಅಷ್ಟೊತ್ತಿಗೆ ಜೀಪ್ ಹೊರಟಾಗಿರುತ್ತೆ.

ನಿಮ್ಮ ಮನೆಯವ್ರ ವಯಸ್ಸು, ನೀವು ಹೋಗೋ ತಿಂಗಳು ಎರಡೂ ನೋಡಿದ್ರೆ ನಾನು ಕಣ್ಣುಮುಚ್ಚಿ ಕಬಿನಿ ಕಡೆ ಅಂತೀನಿ. ಕಾರಣ ಬೋಟು. 1974ರಲ್ಲಿ ಬೀಚನಹಳ್ಳಿ ಹತ್ರ ಕಬಿನಿ ಡ್ಯಾಮ್ ಆದ್ಮೇಲೆ ಹಿನ್ನೀರು ಕಾಡಿನ ಅಂಚಿನವರೆಗೂ ಬಂತು, ಈ ಕಡೆ ನಾಗರಹೊಳೆ ಆ ಕಡೆ ಬಂಡೀಪುರ, ಮಧ್ಯೆ ನೀರು. ಬೇಸಿಗೆ ಬಂದಂಗೆ ನೀರು ಇಳಿಯುತ್ತೆ, ಇಳಿದ ಜಾಗದಲ್ಲಿ ಹಸಿರು ಹುಲ್ಲು ಏಳುತ್ತೆ, ಆಗ ಕಾಡೊಳಗಿನ ಕೆರೆಗಳು ಒಣಗಿರ್ತವೆ, ಆನೆಗಳಿಗೆ ನೀರೂ ಮೇವೂ ಒಂದೇ ಕಡೆ ಸಿಗೋದು ಇಲ್ಲೇ. ಸಾಯಂಕಾಲ ದಡದಲ್ಲಿ ಹಿಂಡು ಹಿಂಡು ಬಂದು ನಿಲ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದು ಕಡೆ ಸೇರೋ ಜಾಗಗಳು ಕೈಬೆರಳೆಣಿಕೆ, ಅದು ನಮ್ಮ ಮನೆ ಹಿತ್ತಲಲ್ಲೇ ಇದೆ ಅನ್ನೋದು ನಮ್ಮವ್ರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಾವನವರು ಜೀಪಲ್ಲಿ ಮೂರು ಗಂಟೆ ಕುಲುಕಾಡೋ ಬದ್ಲು ಬೋಟಲ್ಲಿ ಆರಾಮಾಗಿ ಕೂತು ಅದನ್ನ ನೋಡ್ಬಹುದು. ಜೊತೆಗೆ ಮೊಸಳೆ, ಅದೃಷ್ಟ ಇದ್ರೆ ನೀರುನಾಯಿ. ಹುಲಿ ಬೋಟಿಂದ ಕಾಣೋದು ಅಪರೂಪ ಅಂತ ಮಗನಿಗೆ ಮೊದ್ಲೇ ಹೇಳಿಡಿ, ಅವನನ್ನ ಬೆಳಿಗ್ಗೆ ಅವರಪ್ಪನ ಜೊತೆ ಜೀಪಿಗೆ ಕಳಿಸಿ. ಅತ್ತೆಯವರೂ ಜೀಪಿಗೆ ಬರ್ತೀನಿ ಅಂದ್ರೆ ಹಿಂದಿನ ಸೀಟು ಬೇಡ, ಹಳ್ಳಕ್ಕೆ ಇಳಿದಾಗೆಲ್ಲ ಸೊಂಟ ಹಿಡ್ಕೊಳ್ಳುತ್ತೆ, ಮಧ್ಯದ ಸಾಲು ಕೇಳಿ ಕೂರ್ಸಿ.

ಈಗ ರೂಮಿನ ವಿಷ್ಯ. ರೆಸಾರ್ಟ್‌ನವರು ತಮ್ಮ ಜೀಪು ತಗೊಂಡು ಕಾಡಿಗೆ ನುಗ್ಗೋ ಹಂಗಿಲ್ಲ. ಸಫಾರಿ ನಡ್ಸೋದು ಅರಣ್ಯ ಇಲಾಖೆ, ಇಲ್ಲಾ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್. ಕಬಿನಿಯಲ್ಲಿ ನೀವು ಎಷ್ಟೇ ದುಬಾರಿ ಖಾಸಗಿ ರೆಸಾರ್ಟಲ್ಲಿ ಉಳ್ಕೊಂಡ್ರೂ ಜೀಪು ಬೋಟು ಸಿಗೋದು ಜಂಗಲ್ ಲಾಡ್ಜಸ್ ಮೂಲಕವೇ, ಗಾಡಿಗಳ ಸಂಖ್ಯೆಗೆ ಮಿತಿ ಇದೆ. ಹಾಗಾಗಿ ಫೋನ್ ಮಾಡಿದಾಗ 'ಸಫಾರಿ ಇದೆಯಾ' ಅಂತ ಕೇಳ್ಬೇಡಿ, ಎಲ್ರೂ ಇದೆ ಅಂತಾರೆ. 'ಈ ತಾರೀಖಿಗೆ ಆರು ಸೀಟು ಕನ್ಫರ್ಮ್ ಆಗಿದೆಯಾ, ಜೀಪಾ ಬಸ್ಸಾ ಬೋಟಾ, ಪ್ಯಾಕೇಜ್ ಒಳಗಾ ಹೊರಗಾ' ಅಂತ ಕೇಳಿ, ಉತ್ತರ 'ಬಂದ್ಮೇಲೆ ಅರೇಂಜ್ ಮಾಡ್ತೀವಿ ಮೇಡಂ' ಅಂತ ಬಂದ್ರೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಬಿಡಿ. ಇನ್ನೊಂದು, ರೇಟು ರೂಮಿಗಾ ತಲೆಗಾ ಅಂತ ಬಿಡಿಸಿ ಕೇಳಿ. ಇಂಥ ಕಡೆ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ ಇರುತ್ತೆ, ಊಟ ಸಫಾರಿ ಎಲ್ಲಾ ಸೇರಿ, ಮೇಲೆ ಜಿಎಸ್‌ಟಿ. ಅಯ್ಯೋ ಇಷ್ಟೊಂದಾ ಅನ್ಸುತ್ತೆ, ಆದ್ರೆ ಬರೀ ರೂಮು ಕೊಟ್ಟು ಊಟಕ್ಕೆ ಬೇರೆ ಸಫಾರಿಗೆ ಬೇರೆ ಅನ್ನೋ ಕಡೆ ಆರು ಜನಕ್ಕೆ ಲೆಕ್ಕ ಹಾಕಿ ನೋಡಿ, ಕೊನೆಗೆ ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತೆ.

ಹತ್ರ ದೂರದ ಲೆಕ್ಕ ಮ್ಯಾಪಲ್ಲಿ ನೋಡಿ ಮೋಸ ಹೋಗ್ಬೇಡಿ. ಹಿನ್ನೀರಿನ ಆ ಕಡೆ ದಡದಲ್ಲೂ ರೆಸಾರ್ಟ್‌ಗಳಿವೆ, ಕಾರಾಪುರದಲ್ಲಿ ನಿಂತ್ರೆ ಅವರ ಲೈಟ್ ಕಾಣುತ್ತೆ, ಆದ್ರೆ ಕಾರಲ್ಲಿ ಹೋಗ್ಬೇಕು ಅಂದ್ರೆ ಡ್ಯಾಮ್ ಕಡೆಯಿಂದ ಸುತ್ತಿ ಬರ್ಬೇಕು. ಅಂಥ ಕಡೆ ಉಳಿದ್ರೆ ಅವರೇ ಬೋಟಲ್ಲಿ ಈಚೆ ದಾಟಿಸ್ತಾರಾ ಇಲ್ವಾ ಅನ್ನೋದನ್ನ ಕೇಳ್ಕೊಳ್ಳಿ.

ನಾನು ನ್ಯಾಚುರಲಿಸ್ಟ್, ಅಂದ್ರೆ ಸಫಾರೀಲಿ ಪ್ರಾಣಿ ತೋರಿಸಿ ವಿವರಿಸೋನು ಆಗಿದ್ದ ಕಾಲದ್ದೊಂದು ಹೇಳ್ತೀನಿ. ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ, ಹಿನ್ನೀರ ಮೇಲೆ ಮಂಜು, ಎಲ್ರೂ ಟೀ ಬಿಸ್ಕೆಟ್ ಮುಗಿಸಿ ಜೀಪ್ ಹತ್ತಿ ಕೂತಿದಾರೆ, ನಾಲ್ಕು ಸೀಟು ಖಾಲಿ. ಕಾದ್ವಿ. ಹೊರಟು ಗೇಟಿನ ಹತ್ರ ಬರೋ ಹೊತ್ತಿಗೆ ಒಂದು ಕಾರು ಧೂಳೆಬ್ಬಿಸ್ಕೊಂಡು ಬಂತು, ಒಳಗಿಂದ ಇಳಿದ ಹೆಣ್ಮಗಳ ಒಂದು ಕೈಯಲ್ಲಿ ನಿದ್ದೆಗಣ್ಣಿನ ಮಗು ಇನ್ನೊಂದು ಕೈಯಲ್ಲಿ ಅದರ ಎರಡು ಶೂ. 'ಹತ್ರ' ಅಂತ ಹೇಳಿ ರೂಮು ಕೊಟ್ಟಿದ್ದೋರು ಐವತ್ತು ನಿಮಿಷದ ದಾರಿಯಲ್ಲಿದ್ರು. ಆವತ್ತು ಹತ್ತಿಸ್ಕೊಂಡ್ವಿ, ಎಲ್ಲಾ ಡ್ರೈವರೂ ಕಾಯಲ್ಲ. ನೀವು ರೂಮಿನ ಬಾಗಿಲಿಂದ ಜೀಪ್ ಹತ್ತೋ ಜಾಗಕ್ಕೆ ಇಪ್ಪತ್ತು ನಿಮಿಷ ಮೀರಬಾರ್ದು ಅಂತ ಇಟ್ಕೊಳ್ಳಿ. ಇಷ್ಟೆಲ್ಲ ಸರಿಹೋಗಿ ಪೂಲೂ ಇದ್ರೆ ಸಂತೋಷ, ಏಪ್ರಿಲ್ ಮಧ್ಯಾಹ್ನ ಮಕ್ಕಳನ್ನ ಹಿಡಿಯೋಕೆ ಅದೇ ಬೇಕಾಗುತ್ತೆ, ಅದನ್ನ ನಾನು ಬೇಡ ಅನ್ನಲ್ಲ.

ದಾವಣಗೆರೆಯಿಂದ ಒಂದೇ ಹಾರಕ್ಕೆ ಬರ್ಬೇಡಿ, ಮೈಸೂರಲ್ಲಿ ಒಂದು ರಾತ್ರಿ ಉಳ್ಕೊಳ್ಳಿ. ಅಲ್ಲಿಂದ ಕಾರಾಪುರಕ್ಕೆ ಸುಮಾರು 70 ಕಿಲೋಮೀಟರ್, ತಿಂಡಿ ತಿಂದು ಹೊರಟ್ರೆ ಊಟದ ಹೊತ್ತಿಗೆ ಸೇರ್ತೀರ, ಸಂಜೆ ಸಫಾರಿ ತಪ್ಪಲ್ಲ. ಇನ್ನೊಂದು ಮಾತು, 2025ರ ನವೆಂಬರಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಸತ್ತಾಗ ಬಂಡೀಪುರ ನಾಗರಹೊಳೆ ಎರಡೂ ಕಡೆ ಸರ್ಕಾರ ಸಫಾರಿ ನಿಲ್ಲಿಸ್ತು, ದುಡ್ಡು ಕಟ್ಟಿದ್ದ ಎಷ್ಟೋ ಜನ ಸಿಕ್ಕಾಕ್ಕೊಂಡ್ರು. ಅದಕ್ಕೇ ಸಫಾರಿ ನಿಂತ್ರೆ ದುಡ್ಡು ವಾಪಸ್ಸಾ, ತಾರೀಖು ಬದಲಾಯಿಸ್ತಾರಾ ಅನ್ನೋದನ್ನ ಬಾಯಿಮಾತಲ್ಲಿ ಬಿಡ್ಬೇಡಿ, ವಾಟ್ಸಾಪಲ್ಲಿ ಬರೆಸ್ಕೊಳ್ಳಿ.

ಪ್ರಶ್ನೆ: ಸರ್ ನಾವು ನಾಲ್ಕು ಜನ ಫ್ರೆಂಡ್ಸು, ಹುಬ್ಳಿ ಕಡೆಯವ್ರು. ಮಸಿನಗುಡೀಲಿ ರೂಮು ಚೀಪಾಗಿ ಸಿಗ್ತಿದೆ. ಅಲ್ಲಿ ಉಳ್ಕೊಂಡು ಬಂಡೀಪುರದಾಗ ಬೆಳಿಗ್ಗೆ ಸಫಾರಿ ಮಾಡಿದ್ರ ಆಗಂಗಿಲ್ಲೇನ್ರಿ?

ಉತ್ತರ: ಆಗಂಗಿಲ್ರಿ. ಮಸಿನಗುಡಿ ಚೆಂದದ ಊರು, ಆದ್ರೆ ಅದು ತಮಿಳುನಾಡು, ಮುದುಮಲೈ ಕಾಡು. ಮಧ್ಯೆ ಬಂಡೀಪುರದ ಹೆದ್ದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್, 2009ರಿಂದ ಹಂಗೇ ಇದೆ, ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯ್ತಿದ್ವು ಅಂತ ಮಾಡಿದ್ದು. ಗೇಟು ತೆಗಿಯೋದು ಆರಕ್ಕೆ, ಸಫಾರಿ ಹೊರಡೋದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಅದೂ ಕೌಂಟರ್ ಇರೋದು ಮೇಲುಕಾಮನಹಳ್ಳಿಯಲ್ಲಿ, ಅಂದ್ರೆ ಕಾಡು ಪೂರ್ತಿ ದಾಟಿ ಗುಂಡ್ಲುಪೇಟೆ ಕಡೆ ಬಂದ್ಮೇಲೆ. ನೀವು ಬರೋ ಹೊತ್ತಿಗೆ ಅಲ್ಲಿ ಇಡ್ಲಿ ಮಾತ್ರ ಸಿಗುತ್ತೆ. ಮೇಲಾಗಿ 2024ರ ಮೇನಿಂದ ಮಸಿನಗುಡಿ ಇರೋ ನೀಲಗಿರಿ ಜಿಲ್ಲೆ ಒಳಗೆ ಹೋಗೋಕೆ ಇ-ಪಾಸ್ ಬೇರೆ.

ಬಜೆಟ್ ಟೈಟ್ ಇದ್ರೆ ಗುಂಡ್ಲುಪೇಟೆಯಲ್ಲಿ ಲಾಡ್ಜ್ ಮಾಡಿ, ಬೆಳಿಗ್ಗೆ ಐದೂಕಾಲಿಗೆ ಹೊರಟ್ರೂ ಕೌಂಟರ್ ಮುಂದೆ ಮೊದಲ ಸಾಲಲ್ಲಿ ಇರ್ತೀರ. ಸ್ವಲ್ಪ ಜಾಸ್ತಿ ಖರ್ಚು ಮಾಡೋದಾದ್ರೆ ಮಂಗಲ ಗ್ರಾಮದ ಕಡೆ ಕಾಡಂಚಲ್ಲಿ ರೆಸಾರ್ಟು ಹೋಂಸ್ಟೇ ಇವೆ. ಬಂಡೀಪುರದ ಒಳಗೆ ಅರಣ್ಯ ಇಲಾಖೆ ಕಾಟೇಜೂ ಇದೆ, ನನಗೆ ಕೇಳಿದ್ರೆ ಅದೇ ಬೆಸ್ಟು, ಸೌಕರ್ಯ ಅಷ್ಟಕ್ಕಷ್ಟೇ ಆದ್ರೆ ಸಂಜೆ ಹೊತ್ತು ಜಿಂಕೆ ಹಿಂಡು ಅಂಗಳದಲ್ಲೇ ಬಂದು ಮಲಗುತ್ತೆ, ಹುಲಿ ಭಯಕ್ಕೆ ಮನುಷ್ಯರ ಹತ್ರ ಬರೋದು. ಕತ್ತಲಾದ್ಮೇಲೆ ಆ ಹಿಂಡು ಒಂದ್ಸಲಕ್ಕೆ ಕೂಗಿ ಎದ್ದು ನಿಂತ್ರೆ ಸುಮ್ಮನೆ ಕಿಟಕಿ ಹತ್ರ ಕೂತ್ಕೊಳ್ಳಿ, ಟಿಕೆಟ್ ಇಲ್ಲದ ಸಫಾರಿ ಅದು. ಇಲಾಖೆ ವೆಬ್‌ಸೈಟಲ್ಲಿ ವಾರದ ದಿನಕ್ಕೆ ನೋಡಿ, ಶನಿವಾರ ಭಾನುವಾರ ಸಿಗೋದು ಕಷ್ಟ.

ಪ್ರಶ್ನೆ: ಕಬಿನಿಯಲ್ಲಿ ಒಂದು ಕಡೆ 'ರಿವರ್ ವ್ಯೂ' ರೂಮಿಗೆ ನಾಲ್ಕು ಸಾವಿರ ಜಾಸ್ತಿ ಕೇಳ್ತಿದಾರೆ. ಕೊಡ್ಬಹುದಾ? (ಬೆಂಗಳೂರಿಂದ ಒಬ್ರು)

ಉತ್ತರ: ಯಾವ ತಿಂಗಳು ಅಂತ ನೀವು ಬರೆದಿಲ್ಲ, ಉತ್ತರ ಪೂರ್ತಿ ಅದ್ರ ಮೇಲೇ ನಿಂತಿರೋದು. ಆಗಸ್ಟಲ್ಲಿ ಡ್ಯಾಮ್ ತುಂಬಿದಾಗ ನೀರು ಹತ್ರಕ್ಕೇ ಬಂದಿರುತ್ತೆ, ನೋಡೋಕೆ ಚೆಂದ, ಆದ್ರೆ ಪ್ರಾಣಿಗಳಿಗೆ ಆಗ ಕಾಡೊಳಗೇ ನೀರು ಮೇವು ಇರುತ್ತೆ, ದಡಕ್ಕೆ ಬರೋದು ಕಮ್ಮಿ. ಏಪ್ರಿಲಲ್ಲಿ ಹೋಗಿ ನೋಡಿದ್ರೆ ರಿವರ್ ಎಲ್ಲಪ್ಪ ಅಂತ ಹುಡುಕ್ಬೇಕು, ಬಾಲ್ಕನಿ ಮುಂದೆ ಬರೀ ಹುಲ್ಲುಗಾವಲು, ಊರಿನ ದನ ಮೇಯ್ತಿರ್ತವೆ, ನೀರು ಎಲ್ಲೋ ದೂರದಲ್ಲಿ ಬೆಳ್ಳಗೆ ಗೆರೆ ಥರ. ಆದ್ರೂ ನಾನು ದುಡ್ಡು ಕೊಡೋದಾದ್ರೆ ಏಪ್ರಿಲಲ್ಲೇ ಕೊಡ್ತೀನಿ, ಎದುರುಗಡೆ ದಡ ಕಾಡಾಗಿದ್ರೆ ಮಾತ್ರ. ಎದುರಿಗೆ ಹೊಲ, ಕರೆಂಟ್ ಕಂಬ ಇದ್ರೆ ಒಂದು ಪೈಸೆಯೂ ಬೇಡ. 'ರೂಮಿಂದ ಎದುರಿಗೆ ಏನು ಕಾಣುತ್ತೆ, ಈಗ ಒಂದು ಫೋಟೋ ತೆಗೆದು ಕಳ್ಸಿ' ಅನ್ನಿ. ವೆಬ್‌ಸೈಟ್ ಫೋಟೋ ಎಲ್ಲಾ ಮಳೆಗಾಲ ಮುಗಿದ ತಕ್ಷಣ ತೆಗೆದಿರ್ತಾರೆ. ಬೈನಾಕ್ಯುಲರ್ ಒಂದು ಇದ್ರೆ ಆ ನಾಲ್ಕು ಸಾವಿರ ದಕ್ಕುತ್ತೆ. ಎರಡೂವರೆ ಮೀಟರಷ್ಟು ಉದ್ದದ ದಂತ ಇದ್ದ ಭೋಗೇಶ್ವರ ಅನ್ನೋ ಆನೆ ಇತ್ತು ನೋಡಿ, 2022ರಲ್ಲಿ ವಯಸ್ಸಾಗಿ ತೀರ್ಕೊಂಡ್ತು, ಈ ಹಿನ್ನೀರಿನ ದಡದಲ್ಲಿ ಓಡಾಡ್ತಿದ್ದಾಗ ಅದನ್ನ ನೋಡೋಕಂತಲೇ ಬಾಲ್ಕನಿಯಲ್ಲಿ ಕಾದು ಕೂತಿರ್ತಿದ್ದ ಗೆಸ್ಟ್‌ಗಳು ನಂಗೆ ಗೊತ್ತು. ಸಫಾರಿಗೂ ಹೋಗ್ತಿರ್ಲಿಲ್ಲ ಪುಣ್ಯಾತ್ಮರು.

ಪ್ರಶ್ನೆ: ನಾನು ನನ್ನ ತಂಗಿ ಇಬ್ರೇ ಜೂನ್ ಕೊನೆಗೆ ಕುಟ್ಟದ ಹತ್ರ ಒಂದು ಹೋಂಸ್ಟೇಗೆ ಹೋಗ್ತಿದೀವಿ. ಅವ್ರು ಫೋನಲ್ಲೇ 'ಏಳು ಗಂಟೆ ಮೇಲೆ ಆಚೆ ಓಡಾಡ್ಬೇಡಿ, ಆನೆ ಬರುತ್ತೆ' ಅಂದ್ರು. ಕ್ಯಾನ್ಸಲ್ ಮಾಡ್ಲಾ ಅಂತ ಯೋಚ್ನೆ. ಪಕ್ಕದಲ್ಲೇ ಇನ್ನೊಂದು ಕಡೆ ಕ್ಯಾಂಪ್‌ಫೈರು, ಡಿಜೆ, ನೈಟ್ ಸಫಾರಿ ಎಲ್ಲಾ ಇದೆ ಅಂತ ಹಾಕಿದಾರೆ.

ಉತ್ತರ: ಕ್ಯಾನ್ಸಲ್ ಮಾಡ್ಬೇಡಿ, ಫೋನಲ್ಲೇ ಅಷ್ಟು ನಿಜ ಹೇಳಿದೋರನ್ನ ಬಿಟ್ಟು ಎಲ್ಲಿಗೆ ಹೋಗ್ತೀರಮ್ಮ? ನೈಟ್ ಸಫಾರಿ ಅನ್ನೋದು ಇಲ್ಲವೇ ಇಲ್ಲ, ರಾತ್ರಿ ಕಾಡೊಳಗೆ ಹೋಗೋದು ಕಾನೂನು ಪ್ರಕಾರ ತಪ್ಪು. ಅವರು ಮಾಡೋದು ಕಾಡಂಚಿನ ರೋಡಲ್ಲಿ ಜೀಪಿಗೆ ದೊಡ್ಡ ಲೈಟ್ ಕಟ್ಟಿ ಸುತ್ತಾಡ್ಸೋದು, ಹಿಡಿದ್ರೆ ಕೇಸು ನಿಮ್ಮ ಮೇಲೂ ಬೀಳುತ್ತೆ. ಡಿಜೆ ಕೇಳೋಕೆ ಕುಟ್ಟದವರೆಗೂ ಬರ್ಬೇಕಾ, ಅದೂ ಬೇಡ.

ಕುಟ್ಟದ ಕಡೆ ಹೋಂಸ್ಟೇ ಅಂದ್ರೆ ಬಹುತೇಕ ಕಾಫಿ ತೋಟದ ಮನೆ, ಮನೆಯವ್ರೂ ಅಲ್ಲೇ ಇರ್ತಾರೆ, ಹೆಣ್ಮಕ್ಕಳು ಇಬ್ರೇ ಹೋಗ್ತಿದ್ರೆ ನಾನು ರೆಸಾರ್ಟಿಗಿಂತ ಅದೇ ವಾಸಿ ಅಂತೀನಿ. ಮನೆಯವ್ರು ಅದೇ ಕಾಂಪೌಂಡಲ್ಲಿ ಮಲಗ್ತಾರಾ, ಇಲ್ಲಾ ಕೆಲಸದ ಹುಡುಗನ ಕೈಗೆ ಬೀಗ ಕೊಟ್ಟು ಊರಿಗೆ ಹೋಗ್ತಾರಾ, ಇದೊಂದು ಕೇಳ್ಕೊಳ್ಳಿ. ಟೂರಿಸಂ ಇಲಾಖೆ ರಿಜಿಸ್ಟ್ರೇಷನ್ ಇದೆಯಾ ಅಂತಲೂ ಕೇಳಿ. ಊಟ ಏನು ಅಂತ ಕೇಳೋದೇ ಬೇಡ, ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಕಡಂಬುಟ್ಟು (ಅಕ್ಕಿ ಕಡುಬು) ಮಾಡಿ ಹಾಕ್ತಾರೆ, ಮಾಂಸ ತಿನ್ನಲ್ಲ ಅಂದ್ರೆ ಮೊದ್ಲೇ ಹೇಳಿ, ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು) ಸಾರು ಸಿಕ್ರೆ ಬಿಡ್ಬೇಡಿ. ಜೂನ್ ಕೊನೆಗೆ ಜಿಗಣೆ ಇರುತ್ತೆ, ಸಾಕ್ಸ್ ಮೇಲೆ ಸ್ವಲ್ಪ ನಶ್ಯ ಇಲ್ಲಾ ಉಪ್ಪು. ನಾಣಚ್ಚಿ ಗೇಟಿಗೆ ಕುಟ್ಟದಿಂದ ಬೆಳಿಗ್ಗೆ ಹೋಗೋಕೆ ಜೀಪ್ ಅವರೇ ಮಾತಾಡಿ ಕೊಡ್ತಾರೆ, ಮಳೆ ಜೋರಿದ್ರೆ ಸಫಾರಿ ಇರಲ್ಲ, ಆವತ್ತು ಇರ್ಪು ಜಲಪಾತ ನೋಡ್ಕೊಂಡು ಬನ್ನಿ.

ಆನೆ ಬರೋದು ನಿಮ್ಮನ್ನ ಹುಡುಕ್ಕೊಂಡಲ್ಲ, ಹಲಸಿನ ಹಣ್ಣಿಗೆ. ಜೂನಲ್ಲಿ ತೋಟದ ತುಂಬಾ ಹಣ್ಣಿನ ವಾಸನೆ, ಕಂದಕ ಸೋಲಾರ್ ಬೇಲಿ ಏನಿದ್ರೂ ಒಂದು ದಾರಿ ಮಾಡ್ಕೊಂಡು ಬಂದೇ ಬರ್ತವೆ. ಹೋಗಿ ಇಳಿದ ತಕ್ಷಣ ತಲೆ ಎತ್ತಿ ಮರ ನೋಡಿ, ಆಮೇಲೆ ಕಾರ್ ನಿಲ್ಸಿ. ಹಲಸಿನ ಮರದ ಕೆಳಗೆ ನಿಲ್ಲಿಸಿದ್ದ ಒಂದು ಕಾರಿನ ಬಾನೆಟ್ಟು ಬೆಳಿಗ್ಗೆ ಯಾವ ಆಕಾರದಲ್ಲಿತ್ತು ಅಂತ ನಾನು ಕಣ್ಣಾರೆ ನೋಡಿದೀನಿ, ಮೇಲೆ ಹಲಸಿನ ಬೀಜ ಬೇರೆ ಅಂಟಿತ್ತು.